ನಾರ್ನಿಯಾ ಸಿನಿಮಾ ಬರೋದ್ರೊಳಗೆ ಯಾವ ಪುಸ್ತಕ ಮೊದಲು ಓದಿಸೋದು? ನೋಡೋದು ಮೈಸೂರಲ್ಲಾ, ಬೆಂಗಳೂರಲ್ಲಾ?

ಕುಕ್ಕರಹಳ್ಳಿ ಏರಿ:

ನಿರ್ದೇಶಕಿ ಗ್ರೆಟಾ ಗರ್ವಿಗ್ ನಾರ್ನಿಯಾ ಮಾಡ್ತಿರೋದು, ಆ ಮಾಯಾಲೋಕದ ಬಗ್ಗೆ ಸಿ. ಎಸ್. ಲೂಯಿಸ್ ಮಕ್ಕಳಿಗೆ ಬರೆದ ಏಳು ಪುಸ್ತಕದಲ್ಲಿ ‘ದ ಮ್ಯಾಜಿಷಿಯನ್ಸ್ ನೆಫ್ಯೂ’ ಎತ್ಕೊಂಡಿರೋದು ಇಲ್ಲಿ ಎಲ್ಲರಿಗೂ ಗೊತ್ತಿರೋದೇ. ಮನೇಲಿ 8 ಮತ್ತು 11 ವರ್ಷದ ಇಬ್ಬರು ಮಕ್ಕಳಿಗೆ ಸಿನಿಮಾಗೆ ಮುಂಚೆ ಓದಿಸಬೇಕು. ಈಗ ಅಂಗಡೀಲಿ ಸಿಗೋ ಸೆಟ್‌ನಲ್ಲಿ ಈ ಪುಸ್ತಕದ ಬೆನ್ನಿನ ಮೇಲೆ 1 ಅಂತಿದೆ. ಆದ್ರೆ ಹಳೇ ಓದುಗರು ‘ದ ಲಯನ್, ದ ವಿಚ್ ಅಂಡ್ ದ ವಾರ್ಡ್‌ರೋಬ್’ ಮುಗಿಸದೆ ಅದನ್ನ ಮುಟ್ಟಬೇಡಿ ಅಂತಾರೆ. ಯಾರ ಮಾತು ಕೇಳೋದು? ಇನ್ನೊಂದು, ಐಮ್ಯಾಕ್ಸ್‌ನಲ್ಲಿ ಬರುತ್ತೆ ಅಂತ ಘೋಷಣೆ ಆಗಿದೆಯಲ್ಲ, ಅದಕ್ಕೋಸ್ಕರ ಮಕ್ಕಳನ್ನ ಕರ್ಕೊಂಡು ಬೆಂಗಳೂರಿಗೆ ಹೋಗೋದು ತಕ್ಕದ್ದಾ, ಇಲ್ಲ ಇಲ್ಲೇ ಒಳ್ಳೇ ಸೀಟು ಹಿಡಿದ್ರೆ ಸಾಕಾ? ಕನ್ನಡ ಡಬ್ಬಿಂಗ್ ಬಗ್ಗೆಯೂ ಯಾರಾದ್ರೂ ಹೇಳಿ.

ಬೀರು ಬಾಗಿಲು:

ಲಯನ್ ಮೊದಲು. ಬೆನ್ನಿನ ಮೇಲಿರೋ ನಂಬರ್ ಲೂಯಿಸ್ ಹಾಕಿದ್ದಲ್ಲ. ಲಯನ್ ಬಂದಿದ್ದು 1950ರಲ್ಲಿ, ನೆಫ್ಯೂ 1955ರಲ್ಲಿ, ಅಂದ್ರೆ ಆರನೇದು. ಕಥೆಯ ಕಾಲಕ್ಕೆ ತಕ್ಕಂತೆ ಪ್ರಕಾಶಕರು ಸಾಲು ತಿರುಗಿಸಿದ್ದು 1994ರಲ್ಲಿ, ಲೂಯಿಸ್ ತೀರಿಕೊಂಡು 31 ವರ್ಷ ಆದ ಮೇಲೆ. 1957ರಲ್ಲಿ ಒಬ್ಬ ಹುಡುಗನಿಗೆ ಬರೆದ ಕಾಗದದಲ್ಲಿ ಅವರು ಕಾಲಾನುಕ್ರಮವೇ ಸರಿ ಅಂದಿದ್ದು ನಿಜ. ಆದ್ರೆ ಅದೇ ಕಾಗದದಲ್ಲಿ ಯಾವ ಕ್ರಮದಲ್ಲಿ ಓದಿದ್ರೂ ಅಂಥಾ ವ್ಯತ್ಯಾಸ ಆಗಲಿಕ್ಕಿಲ್ಲ ಅಂತಲೂ ಇದೆ. ಎರಡೂ ಕಡೆಯವರು ತಮಗೆ ಬೇಕಾದ ಅರ್ಧ ಮಾತ್ರ ಎತ್ತಿ ಹೇಳ್ತಾರೆ.

ಕಾಗದಕ್ಕಿಂತ ಪುಸ್ತಕವೇ ಒಳ್ಳೇ ಸಾಕ್ಷಿ. ಲಯನ್‌ನಲ್ಲಿ ಸಿಂಹ ಆಸ್ಲಾನ್ ಹೆಸರು ಮೊದಲ ಸಲ ಬಂದಾಗ, ಅವನ್ಯಾರು ಅಂತ ನಿಮಗೆ ಹೇಗೆ ಗೊತ್ತಿಲ್ಲವೋ ಹಾಗೇ ಆ ಮಕ್ಕಳಿಗೂ ಗೊತ್ತಿರಲಿಲ್ಲ ಅಂತಾನೆ ಕಥೆ ಹೇಳೋನು. ನೆಫ್ಯೂ ಓದಿ ಬಂದವರಿಗೆ ಆ ಸಾಲು ಸಪ್ಪೆ. ನೆಫ್ಯೂ ಆದ್ರೋ, ನಮ್ಮ ಲೋಕಕ್ಕೂ ನಾರ್ನಿಯಾಕ್ಕೂ ಓಡಾಟ ಹೇಗೆ ಶುರುವಾಯ್ತು ಅಂತ ಹೇಳ್ತೀನಿ ಅಂತಲೇ ಶುರುವಾಗುತ್ತೆ. ಓಡಾಟ ಇದೆ ಅನ್ನೋದೇ ತಿಳಿಯದ ಮಗುವಿಗೆ ಅದರ ಮೂಲ ಹೇಳಿ ಏನು ಬಂತು?

ಅದಕ್ಕಿಂತ ದೊಡ್ಡ ಕಾರಣ ದೀಪದ ಕಂಬ. ಲಯನ್‌ನಲ್ಲಿ ಹಿಮದ ಕಾಡಿನ ನಡುವೆ ಒಂದೇ ಒಂದು ಬೀದಿದೀಪ ಉರೀತಿರುತ್ತೆ. ಅದ್ಯಾಕೆ ಅಲ್ಲಿದೆ ಅಂತ ಯಾರೂ ಹೇಳಲ್ಲ. ಆ ಕುತೂಹಲ ತಲೇಲಿ ಕೂತ ಮೇಲೆ ನೆಫ್ಯೂನಲ್ಲಿ ಉತ್ತರ ಸಿಕ್ಕರೆ ಮಕ್ಕಳು ಎದ್ದು ಕೂರ್ತಾರೆ. ಉತ್ತರ ಏನು ಅಂತ ಇಲ್ಲಿ ಬರೆಯಲ್ಲ, ಓದದವರೂ ಇದ್ದಾರೆ.

ಲೆಕ್ಕ ಹೀಗೆ: ಲಯನ್ 17 ಅಧ್ಯಾಯ, ನೆಫ್ಯೂ 15. ರಾತ್ರಿಗೊಂದರಂತೆ 32 ದಿನ. ಲಯನ್ ಸುಮಾರು 38 ಸಾವಿರ ಪದ, ಅಂದ್ರೆ ಅಧ್ಯಾಯಕ್ಕೆ 2,200ರ ಆಸುಪಾಸು. ಗಟ್ಟಿಯಾಗಿ ಓದೋಕೆ 20 ನಿಮಿಷ, ನಡುನಡುವೆ ಕನ್ನಡದಲ್ಲಿ ಹೇಳ್ತಾ ಹೋದ್ರೆ ಅರ್ಧ ಗಂಟೆ. 11ರವರು ತಾವೇ ಓದಬಹುದು, 8ರವರಿಗೆ ನೀವೇ ಓದಿ. ಉಳಿದ ಐದು ಪುಸ್ತಕ ಈ ಸಿನಿಮಾಗೆ ಬೇಕಿಲ್ಲ. ಏಳನ್ನೂ ಒಟ್ಟಿಗೆ ಮುಗಿಸ್ತೀವಿ ಅಂತ ಹೊರಟವರು ಸಾಮಾನ್ಯವಾಗಿ ಮೂರನೇದರ ಹೊತ್ತಿಗೆ ಕೈಬಿಡ್ತಾರೆ.

ತಡವರಿಸೋ ಕಡೆ ಎರಡು. ಲಯನ್‌ನಲ್ಲಿ ಟರ್ಕಿಷ್ ಡಿಲೈಟ್ ಅಂದ್ರೇನು ಅಂತ ಕೇಳೇ ಕೇಳ್ತಾರೆ. ಮೈಸೂರು ಪಾಕ್ ಥರ ಅಂತ ಹೇಳಿಬಿಡಬೇಡಿ, ಅದು ಕಡಲೆಹಿಟ್ಟು ತುಪ್ಪದ್ದು. ಇದು ಸಕ್ಕರೆ, ಪಿಷ್ಟ, ಪನ್ನೀರು ಹಾಕಿ ಕಾಯಿಸಿದ್ದು. ಕಾರ್ನ್‌ಫ್ಲೋರ್‌ನಲ್ಲಿ ಮಾಡೋ, ಎಳೆದರೆ ಎಳೆಯೋ ಬಾಂಬೆ ಹಲ್ವಾ ತೋರಿಸಿದ್ರೆ ತಟ್ಟನೆ ಅರ್ಥ ಆಗುತ್ತೆ. ನೆಫ್ಯೂನಲ್ಲಿ ಕಾಲ ಹೇಳಬೇಕು. ಷರ್ಲಾಕ್ ಹೋಮ್ಸ್ ಬೇಕರ್ ಸ್ಟ್ರೀಟಲ್ಲಿದ್ದ ಕಾಲ ಅಂತಾರೆ ಲೂಯಿಸ್. ನಮ್ಮ ಮಕ್ಕಳಿಗೆ ಶಿವನಸಮುದ್ರದ ಕರೆಂಟು ಕೆಜಿಎಫ್‌ಗೆ ಹೋದ ಕಾಲ (1902) ಅಂದ್ರೆ ಸಾಕು. ಆಗ ಲಂಡನ್ ಬೀದಿಯಲ್ಲಿನ್ನೂ ಗ್ಯಾಸ್ ದೀಪಗಳಿದ್ದವು, ಜಟಕಾದಂಥ ಬಾಡಿಗೆ ಗಾಡಿಗಳು ಓಡ್ತಿದ್ದವು.

ಮಂಡ್ಯ ಹೈದ:

ಇಷ್ಟೆಲ್ಲಾ ಯಾಕಣ್ಣೋ. ಸಿನಿಮಾ ಬತ್ತಿರೋದು ನೆಫ್ಯೂದು, ಅದ್ನೇ ಓದ್ಸಿ. ಗರ್ವಿಗ್ಗೇ ಇಲ್ಲದ ಮಡಿ ನಮಗ್ಯಾಕೆ? ಅದ್ರಲ್ಲಿ ಬೇರೆ ಲೋಕಕ್ಕೆ ಕರ್ಕೊಂಡೋಗೋ ಮಾಯದ ಉಂಗುರದ ವಿಷ್ಯ ಒಂದು ಸರಿಯಾಗಿ ಹೇಳ್ಕೊಟ್ರೆ ಆಯ್ತು: ಹಳದಿ ಉಂಗುರ ಹೋಗೋಕೆ, ಹಸಿರು ಉಂಗುರ ಮನೆಗೆ ವಾಪಸ್ ಬರೋಕೆ. ಅಷ್ಟೆಯ.

ಬೆಂಗಳೂರಿನ ವಿಷ್ಯ ಅಂದ್ರೆ, ನಮಗೆ ಮೈಸೂರು 45 ಕಿಲೋಮೀಟರು, ಬೆಂಗಳೂರು 100. ಇಬ್ಬರು ಐಕ್ಳು ಕಟ್ಕೊಂಡು ರಾತ್ರಿ ಶೋಗೆ ಮಾತ್ರ ಹೋಗ್ಬುಡ್ಬೇಡಿ. ಬೆಳಗ್ಗೆ 11–12ರ ಶೋ ಹಿಡೀರಿ. ಟ್ರೈನಲ್ಲಾದ್ರೆ ಮೆಜೆಸ್ಟಿಕ್ ತಾವ ಇಳೀರಿ, ಸ್ಟೇಷನ್ ಪಕ್ಕದಲ್ಲೇ ನೇರಳೆ ಮೆಟ್ರೋ ಐತೆ. ಟ್ರೈನ್ ಬರೋ ಹೊತ್ಗೂ ಶೋಗೂ ನಡುವೆ ಎರಡು ಗಂಟೆ ಬುಡಿ. ವಾಪಸ್ ಟ್ರೈನ್ ಸಿಗ್ನಿಲ್ಲ ಅಂದ್ರೆ ಮೈಸೂರು ರಸ್ತೆ ಸ್ಯಾಟಲೈಟ್ ಸ್ಟ್ಯಾಂಡಲ್ಲಿ ನಮ್ ಕಡೆ ಬಸ್ಸು ಸಿಕ್ತವೆ. ಸಿನಿಮಾ ಟಿಕೆಟ್ ಕೈಗೆ ಬರೋವರ್ಗೂ ಟ್ರೈನ್ ಬುಕ್ ಮಾಡ್ಬೇಡಿ. ಇಂಥ ದೊಡ್ಡ ಸಿನಿಮಾ ತಾರೀಕು ಮುಂದಕ್ಕೆ ಹೋಗೋದು ಹೊಸದೇನಲ್ಲ.

ಪರದೆ ಅಳತೆ:

ಐಮ್ಯಾಕ್ಸ್ ಅಂದ್ರೆ ದೊಡ್ಡ ಪರದೆ ಅಷ್ಟೇ ಅಂತ ತಿಳಿಯಬೇಡಿ. ಮುಖ್ಯ ಚಿತ್ರದ ಎತ್ತರ. ಚಿತ್ರದ ಅಗಲಕ್ಕೂ ಎತ್ತರಕ್ಕೂ ಇರೋ ಅನುಪಾತ ಡಿಜಿಟಲ್ ಐಮ್ಯಾಕ್ಸ್‌ನಲ್ಲಿ ಸಾಮಾನ್ಯವಾಗಿ 1.90:1, ಸ್ಕೋಪ್ ಅನ್ನೋ ಅಗಲ ಹೆಚ್ಚಿನ ಮಾದರಿಯಲ್ಲಿ 2.39:1. 10 ಮೀಟರ್ ಅಗಲದ ಪರದೆ ಇದೆ ಅಂತಿಟ್ಕೊಳ್ಳಿ. 1.90ರಲ್ಲಿ ಚಿತ್ರದ ಎತ್ತರ 5.26 ಮೀಟರ್, ಸ್ಕೋಪ್‌ನಲ್ಲಿ 4.18. ಅದೇ ದೃಶ್ಯವನ್ನ ಸ್ಕೋಪ್‌ಗೆ ಕತ್ತರಿಸಿ ಕಳಿಸಿದ್ರೆ ಮೇಲೆ ಕೆಳಗೆ ಸೇರಿ ಸುಮಾರು ಮೂರೂವರೆ ಅಡಿ ಚಿತ್ರ, ಅಂದ್ರೆ ಐದನೇ ಒಂದು ಭಾಗ, ಹೋಯ್ತು. ಮಾಮೂಲಿ ಥಿಯೇಟರ್‌ಗೆ 1.85ರ ಪ್ರತಿ ಬಂದ್ರೆ ಚಿತ್ರ ಪೂರ್ತಿ ಸಿಗುತ್ತೆ, ಆದ್ರೆ ಸ್ಕೋಪ್ ಪರದೆ ಮೇಲೆ ಎಡಬಲ ಸೇರಿ ಕಾಲು ಭಾಗದಷ್ಟು ಖಾಲಿ ಉಳಿಯುತ್ತೆ. ಖಾಲಿ ಜಾಗಕ್ಕೆ ಕಪ್ಪು ಬಟ್ಟೆ ಎಳೆಯದಿದ್ರೆ ಬೂದು ಪಟ್ಟಿ ಕಣ್ಣಿಗೆ ಹೊಡೀತಾ ಇರುತ್ತೆ.

ಈ ಪುಸ್ತಕಕ್ಕೆ ಮಾತ್ರ ಚಿತ್ರಕ್ಕಿಂತ ಕತ್ತಲೆ ಮತ್ತು ಸದ್ದು ಮುಖ್ಯ ಅನ್ನೋದು ನನ್ನ ಅಭಿಪ್ರಾಯ. ನಾರ್ನಿಯಾ ಹುಟ್ಟೋ ಅಧ್ಯಾಯದಲ್ಲಿ ಮೊದಲು ಏನೂ ಇಲ್ಲ, ಬರೀ ಕಗ್ಗತ್ತಲೆ. ಅದರಲ್ಲೊಂದು ದನಿ ಹಾಡ್ತಿರುತ್ತೆ, ಯಾವ ದಿಕ್ಕಿನಿಂದ ಅಂತ ತಿಳಿಯಲ್ಲ, ಕಾಲ ಕೆಳಗಿನ ನೆಲದಿಂದಲೇ ಬಂದ ಹಾಗೂ ಇರುತ್ತೆ. ಆಮೇಲೆ ಒಂದೇ ಸಲಕ್ಕೆ ನಕ್ಷತ್ರ ತುಂಬುತ್ತವೆ. ಇದನ್ನ ತೆರೆಗೆ ತಂದ್ರೆ ಕಪ್ಪು ಕಪ್ಪಾಗಿ ಕಾಣಬೇಕು. ಹಳೇ ಲ್ಯಾಂಪ್ ಪ್ರೊಜೆಕ್ಟರ್‌ನಲ್ಲಿ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತೆ. ಸಾಲದ್ದಕ್ಕೆ ಬಾಗಿಲ ಪರದೆ ಸರಿದು ಲಾಬಿ ಬೆಳಕು ಒಳಗೆ ಬಿದ್ರೆ ಆ ಐದು ನಿಮಿಷ ಹಾಳು. ಇಲ್ಲೇ ನೋಡೋದಾದ್ರೆ ಲೇಸರ್ ಪ್ರೊಜೆಕ್ಷನ್, ಅಟ್ಮಾಸ್ (ಸುತ್ತಲಿಂದ, ಮೇಲಿಂದ ಸದ್ದು ಬರೋ ವ್ಯವಸ್ಥೆ) ಇರೋ ಸ್ಕ್ರೀನ್ ಯಾವುದು ಅಂತ ಕೌಂಟರ್‌ನಲ್ಲೇ ಕೇಳಿ. ಒಂದೇ ಮಾಲ್‌ನಲ್ಲಿ ಸ್ಕ್ರೀನ್‌ನಿಂದ ಸ್ಕ್ರೀನ್‌ಗೆ ಬೇರೆ ಇರುತ್ತೆ.

ಸೀಟು: ಪರದೆ ಅಗಲದ 1.4 ಪಟ್ಟು ದೂರ, ಸರಿಯಾಗಿ ನಡುವೆ. 10 ಮೀಟರ್ ಪರದೆಗೆ ಸುಮಾರು 14 ಮೀಟರ್. ಮೊದಲ ಸಾಲು 5 ಮೀಟರ್‌ಗೆ ಇದ್ದು, ಸಾಲಿಗೆ 1.1 ಮೀಟರ್ ಅಂದ್ರೆ ಒಂಬತ್ತನೇ ಸಾಲು. ಗೋಡೆ ಪಕ್ಕ ಕೂತ್ರೆ ಹತ್ತಿರದ ಸ್ಪೀಕರ್ ಒಂದೇ ಕಿವಿಗೆ ಬಡಿಯುತ್ತೆ, ಎಲ್ಲ ಕಡೆಯಿಂದ ಬರಬೇಕಾದ ಹಾಡು ಒಂದು ಮೂಲೆಯಿಂದ ಬರುತ್ತೆ. ಆ್ಯಪ್‌ನಲ್ಲಿ ‘ಎ’ ಸಾಲು ಕೆಲವು ಕಡೆ ಹಿಂದೆ, ಕೆಲವು ಕಡೆ ಪರದೆ ಮುಂದೆ. ಪರದೆಯ ಗುರುತು ಎಲ್ಲಿದೆ ನೋಡದೆ ದುಡ್ಡು ಕಟ್ಟಬೇಡಿ.

ನನ್ನ ಮಟ್ಟಿಗೆ, 8 ವರ್ಷದ ಮಗುವಿನ ಜೊತೆ ಮೊದಲ ಸಲ ಮೈಸೂರಲ್ಲೇ. ಇಷ್ಟ ಆದ್ರೆ ಎರಡನೇ ಸಲಕ್ಕೆ ಐಮ್ಯಾಕ್ಸ್. ಸರ್ಟಿಫಿಕೇಟ್ ಕೂಡ ನೋಡಿ. 2024ರಿಂದ ಯುಎಯಲ್ಲಿ 7+, 13+, 16+ ಅಂತ ಮೂರು ಭಾಗ ಆಗಿದೆ. ಅದು ಹೆತ್ತವರಿಗೆ ಸೂಚನೆ, ‘ಎ’ ಥರ ಬಾಗಿಲಲ್ಲೇ ತಡೆಯೋದಲ್ಲ. ಆದ್ರೂ 13+ ಅಂತ ಬಂದ್ರೆ ದುಷ್ಟ ರಾಣಿ ಜೇಡಿಸ್ ದೃಶ್ಯಗಳು ಜೋರಾಗೇ ಇರುತ್ತವೆ ಅಂತ ತಿಳ್ಕೊಳ್ಳಿ.

ಬೀರು ಬಾಗಿಲು:

ಮಂಡ್ಯ ಹೈದ ಅವರೇ, ನೀವು ಹೇಳಿದ ಉಂಗುರದ ಲೆಕ್ಕ ಕಥೆಯಲ್ಲಿ ಆ ಉಂಗುರ ಮಾಡಿದ ಮಾಂತ್ರಿಕ ಆಂಡ್ರ್ಯೂ ಮಾವನದು, ಮತ್ತು ಅದು ತಪ್ಪು! ಅವನಿಗೆ ತನ್ನ ಉಂಗುರದ ಗುಟ್ಟೇ ಪೂರ್ತಿ ಗೊತ್ತಿರಲ್ಲ. ಹಳದಿ ಎಳೆಯೋದು ಲೋಕಗಳ ನಡುವಿನ ಕಾಡಿಗೆ. ಹಸಿರು ತಳ್ಳೋದು ಆ ಕಾಡಿನಿಂದ ಆಚೆಗೆ, ಯಾವ ಕೊಳಕ್ಕೆ ಇಳೀತೀರೋ ಆ ಲೋಕಕ್ಕೆ. ಅದಕ್ಕೇ ಕಥೆಯ ಮಕ್ಕಳು ಡಿಗರಿ, ಪಾಲಿ ಹಳದಿ ಹಾಕ್ಕೊಂಡು ಹೊಸ ಕೊಳಕ್ಕೆ ಹಾರಿದಾಗ ಕಾಲು ಒದ್ದೆ ಆಯ್ತೇ ಹೊರತು ಎಲ್ಲಿಗೂ ಹೋಗಲಿಲ್ಲ. ಹಸಿರಿಗೆ ಬದಲಾಯಿಸಿದ ಮೇಲೇ ಇಳಿದದ್ದು. ಮಕ್ಕಳಿಗೆ ಇದನ್ನ ಬಾಯಲ್ಲಿ ಹೇಳೋದಕ್ಕಿಂತ ಎರಡು ಬಣ್ಣದ ಬಳೆ, ನಾಲ್ಕು ತಟ್ಟೆ ಇಟ್ಟು ಆಡಿಸಿ. ಒಂದು ತಟ್ಟೆ ಪಕ್ಕ ಗುರುತು ಇಡೋದು ಮರೀಬೇಡಿ. ಕಾಡಿನಲ್ಲಿ ಕೊಳಗಳೆಲ್ಲ ಒಂದೇ ಥರ, ಮನೆಯ ಕೊಳ ತಪ್ಪಿಹೋಗಬಾರದು ಅಂತ ಡಿಗರಿ ಅದರ ದಂಡೆಯ ಹುಲ್ಲನ್ನ ಚಾಕುವಿನಿಂದ ಉದ್ದಕ್ಕೆ ಕೊಯ್ದು ಗುರುತು ಮಾಡ್ತಾನೆ.

ಮಂಡ್ಯ ಹೈದ:

ಒಪ್ಕೊಂಡೆ ಕಣಣ್ಣ. ಮಾವನ ಮಾತು ನಂಬಿ ಕೆಟ್ಟೆ.

ದನಿ ಕೊಟ್ಟೋರು:

ಡಬ್ಬಿಂಗ್ ವಿಷಯ. ಹಾಲಿವುಡ್ ಸಿನಿಮಾಗಳು ಹಿಂದಿ, ತಮಿಳು, ತೆಲುಗಿಗೆ ಬಂದಷ್ಟು ಕನ್ನಡಕ್ಕೆ ಬರಲ್ಲ, ಆದ್ರೆ 2022ರ ಅವತಾರ್ ಎರಡನೇ ಭಾಗದಂಥವು ಬಂದಿವೆ. ಬಂದ್ರೂ ಶೋಗಳು ಕಡಿಮೆ ಇರ್ತವೆ, ಮೊದಲ ವಾರ ಸೀಟು ತುಂಬದಿದ್ರೆ ಎರಡನೇ ವಾರಕ್ಕೆ ಎತ್ತಿಬಿಡ್ತಾರೆ. ಕನ್ನಡದಲ್ಲೇ ನೋಡಬೇಕು ಅನ್ನೋರು ಶುಕ್ರವಾರ, ಶನಿವಾರದಲ್ಲೇ ಹೋಗಿ. ಬುಕ್ ಮಾಡುವಾಗ ಭಾಷೆ ನೋಡಿ ಒತ್ತಿ, ಒಂದೇ ಸಿನಿಮಾದ ಹೆಸರಿನ ಕೆಳಗೆ ಎಲ್ಲ ಭಾಷೆಗಳೂ ಇರ್ತವೆ.

ಸಂಭಾಷಣೆ ಬರೆಯೋರಿಗೆ ಇದರಲ್ಲಿ ಒಂದು ಗಂಟಿದೆ. ಇಂಗ್ಲಿಷಿನ ಅಂಕಲ್ ಆಂಡ್ರ್ಯೂ ಡಿಗರಿಯ ಅಮ್ಮನ ಒಡಹುಟ್ಟಿದವನು. ಕನ್ನಡದಲ್ಲಿ ಅವನು ಸೋದರಮಾವ, ಡಿಗರಿ ಸೋದರಳಿಯ. ‘ಮಾಂತ್ರಿಕನ ಸೋದರಳಿಯ’ ಅಂದ ಕೂಡಲೇ ಸಂಬಂಧ ಪೂರ್ತಿ ಬಂದುಬಿಡುತ್ತೆ, ಇಂಗ್ಲಿಷ್ ಹೆಸರಲ್ಲಿ ಅಷ್ಟಿಲ್ಲ. ಕಾಯಿಲೆ ಬಿದ್ದ ಅಕ್ಕನೋ ತಂಗಿಯೋ ಮನೇಲಿ ಮಲಗಿದ್ದಾಗ ಅವಳ ಮಗನನ್ನೇ ಪ್ರಯೋಗಕ್ಕೆ ನೂಕೋ ಮಾವ ಅಂದ್ರೆ ನಮ್ಮ ಕಡೆ ಅದರ ಕೆಟ್ಟತನ ಇನ್ನೂ ಚುಚ್ಚುತ್ತೆ. ಆಂಟ್ ಲೆಟ್ಟಿ ದೊಡ್ಡಮ್ಮನೋ ಚಿಕ್ಕಮ್ಮನೋ ಅನ್ನೋದನ್ನ ಮಾತ್ರ ಅವರೇ ತೀರ್ಮಾನಿಸಬೇಕು. ಮನುಷ್ಯರ ಮಾತಿಗಿಂತ ಸಿಂಹದ ಮಾತು ಸಲೀಸು, ಪ, ಬ, ಮ ಬಂದಾಗ ತುಟಿ ಮುಚ್ಚಿತಾ ಅಂತ ಯಾರೂ ಅಷ್ಟಾಗಿ ನೋಡಲ್ಲ.

ಕುಕ್ಕರಹಳ್ಳಿ ಏರಿ:

ಎಲ್ಲರಿಗೂ ಧನ್ಯವಾದ. ಲಯನ್ ಇವತ್ತೇ ಶುರು. ಕೊನೇದೊಂದು: 2005ರ ಹಳೇ ಸಿನಿಮಾ ಈಗಲೇ ತೋರಿಸಲಾ?

ಬೀರು ಬಾಗಿಲು:

ಲಯನ್ ಪುಸ್ತಕ ಮುಗಿದ ಮೇಲೆ ತೋರಿಸಿ, ನೆಫ್ಯೂ ಶುರು ಮಾಡೋಕೆ ಮುಂಚೆ. ಮೊದಲೇ ತೋರಿಸಿದ್ರೆ ಮಕ್ಕಳ ತಲೇಲಿ ಆಸ್ಲಾನ್‌ಗೆ ಆ ಮುಖವೇ ಗಟ್ಟಿಯಾಗುತ್ತೆ. ಆ ಸಾಲಿನಲ್ಲಿ 2008, 2010ರವೂ ಇವೆ, ಅಲ್ಲಿಗೇ ನಿಂತುಹೋಯ್ತು, ಏಳರಲ್ಲಿ ಮೂರೇ. ನೆಫ್ಯೂ ಅವರ ಕೈಗೆ ಬರಲೇ ಇಲ್ಲ, ಹಾಗಾಗಿ ಹೊಸ ಸಿನಿಮಾಗೆ ಹೋಲಿಸೋಕೆ ಹಳೇದು ಯಾವುದೂ ಇಲ್ಲ. ಅಂದ ಹಾಗೆ, ನೆಫ್ಯೂನಲ್ಲಿ ಒಂಬತ್ತು ಟಾಫಿ ಇದ್ದಾಗ ತಲಾ ನಾಲ್ಕು ತಿಂದು ಒಂಬತ್ತನೇದನ್ನ ನೆಲದಲ್ಲಿ ಹೂಳ್ತಾರೆ. ಆ ರಾತ್ರಿಗೆ ಲೆಕ್ಕವಾಗಿ ಒಂಬತ್ತೇ ತಂದಿಡಿ, ಹತ್ತು ತಂದ್ರೆ ಹೂಳೋಕೆ ಉಳಿಯಲ್ಲ.