ಪದ ಬೇಕು (ತುರ್ತು): ಫಿಸಿಯೊಥೆರಪಿ ಓದು, ಸಂಶೋಧನೆಗೆ ಕೊಡುವ ‘ಎಂಡೋಮೆಂಟ್’

ಎಲ್ಲರಿಗೂ ನಮಸ್ಕಾರ.

ನಾಳೆ ಸಂಜೆಯೊಳಗೆ ಒಂದು ಪದ ಬೇಕು. ಸೆಪ್ಟೆಂಬರ್ 8 ವಿಶ್ವ ಫಿಸಿಯೊಥೆರಪಿ ದಿನ. ಅವತ್ತು ಶಿವಮೊಗ್ಗದಲ್ಲಿ ಒಂದು ನಿಧಿ ಶುರುವಾಗುತ್ತಿದೆ. ಬೋರ್ಡ್ ಬರೆಯುವವರು ಒಕ್ಕಣೆಗೆ ಕಾಯುತ್ತಿದ್ದಾರೆ. ಮನವಿ ಪತ್ರದ ಕನ್ನಡವೂ ನನ್ನ ಪಾಲಿಗೆ ಬಂದಿದೆ.

ದುಡ್ಡು ಕೊಡುತ್ತಿರುವುದು ಸಾಗರದ ಕಡೆಯ ಒಂದು ಅಡಿಕೆ ಬೆಳೆಗಾರರ ಮನೆ. ಅಸಲನ್ನು ಯಾರೂ ಮುಟ್ಟುವ ಹಾಗಿಲ್ಲ. ಬಡ್ಡಿಯಲ್ಲಿ ಎರಡು ಕೆಲಸ ಆಗಬೇಕು. ಬಿಪಿಟಿ (ಫಿಸಿಯೊಥೆರಪಿ ಪದವಿ) ಓದುವ ಬಡ ಮಕ್ಕಳಿಗೆ ಫೀಸಿನ ನೆರವು ಒಂದು. ಎಂಪಿಟಿ (ಅದರ ಸ್ನಾತಕೋತ್ತರ ಪದವಿ), ಪಿಎಚ್‌ಡಿ ಮಾಡುವವರು ಮಲೆನಾಡಿನ ಜನರ ತೊಂದರೆಗಳ ಮೇಲೆ ಕೆಲಸ ಮಾಡಿದರೆ ಅದಕ್ಕೆ ಹಣ ಇನ್ನೊಂದು.

ಇಂಗ್ಲಿಷ್ ಕರಡಿನಲ್ಲಿ ಎಂಡೋಮೆಂಟ್, ಗ್ರಾಂಟ್, ಸ್ಕಾಲರ್‌ಶಿಪ್, ಫೆಲೋಶಿಪ್ ಎಂದು ನಾಲ್ಕಿವೆ. ನನ್ನ ಕರಡಿನಲ್ಲಿ ನಾಲ್ಕೂ ಕಡೆ ‘ಧನಸಹಾಯ’ ಎಂದೇ ಬರುತ್ತಿದೆ. ಅದು ಸಾಲದು. ಧನಸಹಾಯ ಅಂದ ಕೂಡಲೇ ಜನರಿಗೆ ನೆನಪಾಗುವುದು ಯಾರದೋ ಆಪರೇಷನ್ನು. ರೋಗಿಗೆ ಕೊಡಿ ಅಂದರೆ ನಮ್ಮವರು ಧಾರಾಳವಾಗಿ ಕೊಡುತ್ತಾರೆ. ಚಿಕಿತ್ಸೆ ಕಲಿಯುವವರಿಗೆ, ಯಾವ ಚಿಕಿತ್ಸೆಯಿಂದ ಗುಣವಾಗುತ್ತದೆ ಎಂದು ಪರೀಕ್ಷೆ ಮಾಡುವವರಿಗೆ ಕೊಡಿ ಅಂದರೆ ‘ಅದು ಸರ್ಕಾರದ ಕೆಲಸ ಅಲ್ವಾ’ ಎನ್ನುತ್ತಾರೆ. ಇದು ಕಲಿಕೆಗೆ, ಶಾಶ್ವತವಾಗಿ ಇಟ್ಟ ದುಡ್ಡು ಎಂದು ಬೋರ್ಡ್ ನೋಡಿದರೇ ತಿಳಿಯಬೇಕು.

ಜೊತೆಗೆ ಇದನ್ನೂ ಹೇಳಿ: ‘ಫಿಸಿಯೊಥೆರಪಿ’ ಎಂದೇ ಬಿಡಲೋ, ‘ಭೌತ ಚಿಕಿತ್ಸೆ’ ಮಾಡಲೋ?

ಸೊರಬದಿಂದ

ದತ್ತಿ. ದತ್ತಿನಿಧಿ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ತೀರ್ಥಹಳ್ಳಿಯಿಂದ

ಚರ್ಚೆಗೆ ಬೇಕಾದಷ್ಟಿದೆ. ದತ್ತಿ ಸಂಸ್ಕೃತ. ನಿಧಿಯೂ ಸಂಸ್ಕೃತ. ಎರಡನ್ನು ಹೊಲಿದು ಕನ್ನಡ ಅಂದರೆ ಒಪ್ಪುವುದು ಹೇಗೆ? ‘ಇಡುಗಂಟು’ ಇದೆಯಲ್ಲ. ಇಟ್ಟ ಗಂಟು. ಅಸಲು ಮುಟ್ಟಬಾರದು ಎನ್ನುವ ಅರ್ಥ ಪದದೊಳಗೇ ಕೂತಿದೆ. ಸಂಶೋಧನೆಗೆ ‘ಅರಕೆ’ ಎನ್ನಿ, ‘ಅರಸು’ (ಹುಡುಕು) ಎಂಬುದರಿಂದ. ಫಿಸಿಯೊಥೆರಪಿಗೆ ‘ಮೈಯಾರೈಕೆ’. ಥೆರಪಿ ಎಂಬುದರ ಗ್ರೀಕ್ ಮೂಲಕ್ಕೆ ಸೇವೆ, ಉಪಚಾರ ಎಂದೇ ಅರ್ಥ. ಆರೈಕೆ ಅದಕ್ಕೆ ಸರಿಯಾಗಿ ಹೊಂದುತ್ತದೆ. ಒಟ್ಟಿಗೆ: ‘ಮೈಯಾರೈಕೆ ಅರಕೆಯ ಇಡುಗಂಟು’. ಒಂದೂ ಎರವಲು ಇಲ್ಲ.

ಭದ್ರಾವತಿಯಿಂದ

ಗ್ರೀಕ್ ಮೂಲಕ್ಕೇ ಹೋಗುವುದಾದರೆ ಪೂರ್ತಿ ಹೋಗಿ. ‘ಫಿಸಿಸ್’ ಎಂದರೆ ಪ್ರಕೃತಿ. ಆದ್ದರಿಂದ ಸರಿಯಾದ ಅನುವಾದ ‘ಪ್ರಕೃತಿ ಚಿಕಿತ್ಸೆ’.

ಶಿವಮೊಗ್ಗದಿಂದ, ಫಿಸಿಯೊಥೆರಪಿಸ್ಟ್

ಪ್ರಕೃತಿ ಚಿಕಿತ್ಸೆ ಎಂದರೆ ನ್ಯಾಚುರೋಪತಿ. ಅದು ಬೇರೆ ಪದ್ಧತಿ, ಬೇರೆ ಓದು. ಬೋರ್ಡಿನಲ್ಲಿ ಹಾಗೆ ಬರೆದರೆ ಮಣ್ಣಿನ ಪಟ್ಟಿ, ಎಣ್ಣೆ ಸ್ನಾನ ಕೇಳಿಕೊಂಡು ಜನ ಬರುತ್ತಾರೆ. ದಯವಿಟ್ಟು ಬೇಡ.

‘ಭೌತ ಚಿಕಿತ್ಸೆ’ಯೂ ಬೇಡ. ಓದಿದ ಹುಡುಗರಿಗೆ ಪಿಯುಸಿಯ ಭೌತಶಾಸ್ತ್ರ ನೆನಪಾಗುತ್ತದೆ. ವಯಸ್ಸಾದವರು ಅದನ್ನು ಭೂತ ಎಂದು ಓದುತ್ತಾರೆ. ಭೂತನ ಬನ, ಚೌಡಿ ಬನ ಇರುವ ಊರುಗಳಲ್ಲಿ ಇದು ಸಣ್ಣ ಗೊಂದಲ ಅಲ್ಲ.

ನಾನು ಹುಟ್ಟಿದ್ದು ಮಂಡ್ಯದ ಕಡೆ. ಅಲ್ಲಿ ಹಕಾರ ಬಿಟ್ಟು ಮಾತಾಡುವವರು ಜಾಸ್ತಿ. ಹರಕೆಯನ್ನು ಅರಕೆ ಎನ್ನುತ್ತಾರೆ. ‘ಅರಕೆಯ ಇಡುಗಂಟು’ ಎಂದರೆ ದೇವರಿಗೆ ಹೇಳಿಕೊಂಡ ದುಡ್ಡು ಎಂದೇ ಆಗುತ್ತದೆ. ಇತ್ತ ಬರಹದಲ್ಲಿ ಅರಕೆ ಎಂದರೆ ಕೊರತೆ. ಸಂಶೋಧನೆಯ ಅರ್ಥ ಯಾರಿಗೆ ಹೊಳೆಯುತ್ತದೆ?

ಪದಕ್ಕಿಂತ ಮೊದಲು ದುಡ್ಡು ಯಾತಕ್ಕೆ ಅನ್ನುವುದು ಗೊತ್ತಿರಲಿ. ಔಷಧಿಯ ಮೇಲೆ ಸಂಶೋಧನೆ ಮಾಡಲು ಕಂಪನಿಗಳು ಹಣ ಹಾಕುತ್ತವೆ. ನಾಳೆ ಅದನ್ನು ಮಾರಬಹುದು. ವ್ಯಾಯಾಮವನ್ನು ಮಾತ್ರೆ ಮಾಡಿ ಮಾರಲು ಆಗುವುದಿಲ್ಲ. ಹಾಗಾಗಿ ನಮ್ಮ ವಿದ್ಯೆಗೆ ಹಣ ಹಾಕುವವರು ಕಡಿಮೆ. ಅಮೆರಿಕದಲ್ಲಿ ಈ ವೃತ್ತಿಯವರ ಸಂಘ 1921ರಲ್ಲಿ ಹುಟ್ಟಿತು. ಸಂಶೋಧನೆಗೆ ಹಣ ಕೂಡಿಸಲೆಂದೇ ಬೇರೆ ಪ್ರತಿಷ್ಠಾನ ಆಗಿದ್ದು 1979ರಲ್ಲಿ. ಪಿಎಚ್‌ಡಿ ಮಾಡುವವರಿಗೆ ವೇತನ, ಹೊಸ ಸಂಶೋಧಕರಿಗೆ ಅನುದಾನ, ಎರಡನ್ನೂ ಅದು ಬೇರೆ ಬೇರೆಯಾಗಿ ಕೊಡುತ್ತದೆ. ನಿಮ್ಮ ಇಂಗ್ಲಿಷ್ ಕರಡಿನ ನಾಲ್ಕು ಪದಗಳಿಗೂ ಹೀಗೆ ಬೇರೆ ಬೇರೆ ಕೆಲಸ ಇದೆ. ಒಂದಾಗಿಸಬೇಡಿ.

ಇಲ್ಲಿ ಬೇಕಾದ ಸಂಶೋಧನೆ ಯಾವುದು ಅಂತಲೂ ಹೇಳುತ್ತೇನೆ. ಕೊನೆಗಾರರು, ಅಂದರೆ ಅಡಿಕೆ ಮರ ಹತ್ತಿ ಗೊನೆ ಕೊಯ್ಯುವವರು, ಮರದಿಂದ ಬಿದ್ದು ಬೆನ್ನುಹುರಿ ಪೆಟ್ಟಾಗಿ ಬರುತ್ತಾರೆ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಲು ಹತ್ತಿದಾಗ ಮರ ಜಾರುತ್ತದೆ. ಸೊಂಟದ ಕೆಳಗೆ ಸ್ವಾಧೀನ ಹೋದವರಿಗೆ ಗಾಲಿಕುರ್ಚಿಗೆ ಹತ್ತಿ ಇಳಿಯುವುದು, ಹಾಸಿಗೆ ಹುಣ್ಣು ಆಗದ ಹಾಗೆ ಮೈ ತಿರುಗಿಸುವುದು, ತೋಳಿಗೆ ಬಲ ತುಂಬಿಕೊಳ್ಳುವುದು, ಎಲ್ಲ ಕಲಿಸುತ್ತೇವೆ. ಅದು ಆಸ್ಪತ್ರೆಯ ಸಪಾಟು ನೆಲದಲ್ಲಿ. ಮನೆಗೆ ಹೋದರೆ ಅಂಗಳಕ್ಕೆ ಇಳಿಯಲು ಮೆಟ್ಟಿಲು, ಆಮೇಲೆ ಇಳಿಜಾರು, ಅದರಾಚೆ ಕಾಲುಸಂಕ. ಗಾಲಿಕುರ್ಚಿ ಜಗಲಿಯಲ್ಲೇ ಉಳಿಯುತ್ತದೆ. ಇಂಥ ಮನೆಯಲ್ಲಿ ಏನು ಕಲಿಸಬೇಕು, ಯಾವ ಸಲಕರಣೆ ಸರಿ ಎಂದು ಪಟ್ಟಣದ ಪಠ್ಯಪುಸ್ತಕ ಹೇಳುವುದಿಲ್ಲ. ಸುಗ್ಗಿಯಲ್ಲಿ ಮೆಟ್ಟುಗತ್ತಿ ಮುಂದೆ ಗಂಟೆಗಟ್ಟಲೆ ಕೂತು ಅಡಿಕೆ ಸುಲಿಯುವ ಹೆಂಗಸರ ಕುತ್ತಿಗೆ, ಭುಜ, ಸೊಂಟದ ನೋವೂ ಅಷ್ಟೇ. ಕೂರುವ ಎತ್ತರ ಬದಲಾದರೆ ನೋವು ಇಳಿಯುತ್ತದೆಯೇ? ಯಾವ ವ್ಯಾಯಾಮ, ಎಷ್ಟು ವಾರ? ಮನೆಮನೆಗೆ ಹೋಗಿ ಅಳೆದು ನೋಡಬೇಕು. ಅಷ್ಟು ದಿನ ಸಂಶೋಧನೆ ಮಾಡುವ ಹುಡುಗಿಯ ಊಟ, ಬಸ್ಸಿನ ಖರ್ಚು ಯಾರು ಕೊಡುತ್ತಾರೆ? ನಿಮ್ಮ ಬೋರ್ಡ್ ಈ ಪ್ರಶ್ನೆಗೆ ಉತ್ತರ.

ವೃತ್ತಿಯ ಹೆಸರು ‘ಫಿಸಿಯೊಥೆರಪಿ’ ಎಂದೇ ಇರಲಿ. ಆರೋಗ್ಯ ಸಂಬಂಧಿ ವೃತ್ತಿಗಳ 2021ರ ಕೇಂದ್ರ ಕಾಯ್ದೆಯಲ್ಲೂ ಅದೇ ಹೆಸರು. ರೋಗಿಗಳು ಅದನ್ನೇ ಹೇಳುತ್ತಾರೆ.

ಶಿಕಾರಿಪುರದಿಂದ

ತೀರ್ಥಹಳ್ಳಿಯವರು ಇಡುಗಂಟು ಎಂದಿದ್ದು ಒಳ್ಳೆಯ ಪದವೇ. ಆದರೆ ಈಗ ಪತ್ರಿಕೆಗಳಲ್ಲಿ ಅದು ಬರುವುದು ಅಂಗನವಾಡಿಯವರು ನಿವೃತ್ತರಾದಾಗ ಒಮ್ಮೆಲೇ ಕೊಡುವ ಮೊತ್ತಕ್ಕೆ. ಕೈಗೆ ಕೊಟ್ಟು ಮುಗಿಸುವ ದುಡ್ಡು. ನಮಗೆ ಬೇಕಾದದ್ದು ಮುಗಿಯದ ದುಡ್ಡು.

ದತ್ತಿ ಸಂಸ್ಕೃತದ್ದು ಎನ್ನುವುದು ನಿಜ. ಆದರೆ ನಮ್ಮ ಜಿಲ್ಲೆಯ ಕಲ್ಲುಗಳ ಮೇಲೆ ಅದು ಎಷ್ಟು ಕಾಲದಿಂದ ಕೂತಿದೆ ನೋಡಿ. ‘ಬಿಟ್ಟ ದತ್ತಿ’ ಎಂಬ ಮಾತು ಶಾಸನ ಓದಿದ ಯಾರಿಗೂ ಹೊಸದಲ್ಲ. ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನ ತೆಗೆಯಿರಿ. ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿದೆ. ವೇದ, ವ್ಯಾಕರಣ, ತರ್ಕ ಓದುವ ಜಾಗ ಆ ಮಠ. ದಿಕ್ಕಿಲ್ಲದವರಿಗೆ, ಕುಂಟರಿಗೆ, ಕುರುಡರಿಗೆ ಊಟ ಇಡುವ ಜಾಗ. ರೋಗಿಗಳಿಗೆ ಚಿಕಿತ್ಸೆ ಕೊಡುವ ಜಾಗವೂ ಅದೇ. ಓದು ಮತ್ತು ಆರೈಕೆಗೆ ಒಂದೇ ಕಡೆ ಆಸರೆ ಕೊಡುವುದು ಈ ನೆಲದಲ್ಲಿ ಹೊಸದಲ್ಲ. ಫಿಸಿಯೊಥೆರಪಿಸ್ಟ್ ಮೇಡಂ ಕೇಳಿದ ‘ಯಾರು ಕೊಡುತ್ತಾರೆ’ ಎಂಬ ಪ್ರಶ್ನೆಗೆ ಊರಿನವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಮನವಿ ಪತ್ರದಲ್ಲಿ ಸೇರಿಸಿ.

ಸೊರಬದಿಂದ

ಮೊದಲೇ ಹೇಳಿದ್ದೆ.

ತೀರ್ಥಹಳ್ಳಿಯಿಂದ

ಶಾಸನದಲ್ಲಿ ಇದ್ದ ಮಾತ್ರಕ್ಕೆ ಕನ್ನಡ ಆಗುವುದಿಲ್ಲ ಮೇಷ್ಟ್ರೇ. ಶಾಸನದಲ್ಲೇ ‘ಉಂಬಳಿ’ ಇದೆ. ಉಣ್ಣು ಎಂಬುದರಿಂದ ಬಂದದ್ದು. ಅದನ್ನು ಯಾಕೆ ಬಿಟ್ಟಿರಿ? ಮುಜರಾಯಿ ಇಲಾಖೆಯ ಹೆಸರಲ್ಲಿ ‘ಧರ್ಮಾದಾಯ ದತ್ತಿ’ ಇದೆ. ದತ್ತಿ ಎಂದರೆ ಮುಜರಾಯಿ ದೇವಸ್ಥಾನ ಎಂದುಕೊಳ್ಳುವವರಿಲ್ಲವೇ? ಎರವಲು ತಂದು ತಂದು ಹೊಸ ಪದ ಕಟ್ಟುವ ಶಕ್ತಿಯನ್ನೇ ಕಳೆದುಕೊಂಡಿದ್ದೇವೆ. ನನಗೆ ಅದೇ ಸಂಕಟ. ಇವತ್ತು ಬೋರ್ಡಿಗೆ ಅವಸರ ಎನ್ನುತ್ತೀರಿ. ಎಂದೂ ಅವಸರವೇ.

ಶಿಕಾರಿಪುರದಿಂದ

ಉಂಬಳಿ ಭೂಮಿಗೆ. ಅದೂ ಉಂಡು ಅನುಭವಿಸುವವನ ಕಡೆಯಿಂದ ನೋಡಿದ ಪದ. ಬ್ಯಾಂಕಿನಲ್ಲಿ ಇಟ್ಟ ಹಣಕ್ಕೆ ಹೊಂದುವುದಿಲ್ಲ.

ಎರವಲಿನ ವಿಷಯ. ದುಡ್ಡಿನ ಲೆಕ್ಕ ಬರೆಯಲು ಕೂತರೆ ಖರ್ಚು, ಜಮಾ, ಬಾಕಿ, ರಸೀದಿ, ವಸೂಲಿ ಇಲ್ಲದೆ ಒಂದು ಸಾಲು ಮುಂದೆ ಹೋಗುವುದಿಲ್ಲ. ಎಲ್ಲವೂ ಅರಬ್ಬಿ, ಪಾರ್ಸಿ. ‘ಆಸ್ಪತ್ರೆ’ಯೂ ಹೊರಗಿನದೇ. ನಾಲಿಗೆಗೆ ಒಗ್ಗಿಸಿಕೊಂಡೆವು, ನಮ್ಮದಾಯಿತು. ಕನ್ನಡದ ಶಕ್ತಿ ಅದು. ಧರ್ಮಾದಾಯದ ಮಾತಿಗೆ ಉತ್ತರ: ಶಾಲೆಯ ದತ್ತಿ ಬಹುಮಾನ, ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸ ನೋಡಿದವರಿಗೆ ಅಸಲು ಉಳಿಸಿ ಬಡ್ಡಿ ಬಳಸುವ ಪದ್ಧತಿ ಚೆನ್ನಾಗಿ ಗೊತ್ತು.

ತೀರ್ಥಹಳ್ಳಿಯಿಂದ

ಒಗ್ಗಿಸಿಕೊಳ್ಳುವುದು ಬೇರೆ, ಶರಣಾಗುವುದು ಬೇರೆ. ಒಪ್ಪುವುದಿಲ್ಲ. ಆದರೆ ಕೆಲಸ ಒಳ್ಳೆಯದು. ನನ್ನ ಹೆಸರಲ್ಲೂ ಒಂದು ರಸೀದಿ ಬರೆಯಿರಿ.

ಶಿವಮೊಗ್ಗದಿಂದ, ಮೊದಲು ಕೇಳಿದವರು

ಎಲ್ಲರಿಗೂ ವಂದನೆ. ಬೋರ್ಡಿಗೆ ಇದನ್ನು ಕೊಡುತ್ತಿದ್ದೇನೆ:

‘ಫಿಸಿಯೊಥೆರಪಿ ಕಲಿಕೆ ಮತ್ತು ಸಂಶೋಧನಾ ದತ್ತಿನಿಧಿ’

ಕೆಳಗೆ ಸಣ್ಣ ಅಕ್ಷರದಲ್ಲಿ: ‘ಅಸಲು ಶಾಶ್ವತ. ಬಡ್ಡಿ ಓದುವವರಿಗೆ, ಸಂಶೋಧನೆ ಮಾಡುವವರಿಗೆ.’

‘ಶಿಕ್ಷಣ’ ಬಿಟ್ಟು ‘ಕಲಿಕೆ’ ಇಟ್ಟಿದ್ದು ತೀರ್ಥಹಳ್ಳಿಯವರ ಮಾತು ಕೇಳಿಯೇ. ಬಿಪಿಟಿಯವರಿಗೆ ‘ವಿದ್ಯಾರ್ಥಿವೇತನ’. ಪಿಎಚ್‌ಡಿಯವರಿಗೆ ತಿಂಗಳು ತಿಂಗಳು ಕೊಡುವುದು ‘ಸಂಶೋಧನಾ ವೇತನ’. ‘ಶಿಷ್ಯವೇತನ’ ಹಾಕಲಿಲ್ಲ, ಅದನ್ನು ಆಸ್ಪತ್ರೆಯ ಇಂಟರ್ನಿಗಳ ಸ್ಟೈಪೆಂಡಿಗೆ ಬಳಸುತ್ತಾರೆ. ಒಂದು ಅಧ್ಯಯನದ ಖರ್ಚಿಗೆ ಕೊಡುವುದಕ್ಕೆ ‘ಅನುದಾನ’ ಎಂದು ಬರೆದಿದ್ದೇನೆ. ಅನುದಾನ ಅಂದರೆ ಸರ್ಕಾರದ ದುಡ್ಡು ಎನ್ನುವ ಭಾವನೆ ಬರುತ್ತದೆ, ಅದೊಂದು ಇನ್ನೂ ಕೊರೆಯುತ್ತಿದೆ. ‘ಅಧ್ಯಯನ ನೆರವು’ ಆದೀತೇ? ಬೋರ್ಡ್ ನಾಳೆ ಹೋದರೂ ಮನವಿ ಪತ್ರ ಅಚ್ಚಿಗೆ ಹೋಗುವುದು ಸೋಮವಾರ. ಅಷ್ಟರಲ್ಲಿ ಹೇಳಿ.