ಪಿಯುಸಿ 98 ಬ್ಯಾಚ್ ಗ್ರೂಪು: ರಾಮಾನುಜನ್ ಫಾರ್ವರ್ಡ್ ಗಲಾಟೆ

ಪ್ರಕಾಶ: (ಫಾರ್ವರ್ಡ್) ರಾಮಾನುಜನ್ ಲೆಕ್ಕಾನೇ ಮಾಡ್ತಿರ್ಲಿಲ್ಲ!! ನಾಮಗಿರಿ ದೇವಿ ಕನಸಲ್ಲಿ ಬಂದು ಸೂತ್ರ ಹೇಳ್ತಿದ್ಲು, ಎದ್ದು ಬರ್ಕೊಳ್ತಿದ್ರು ಅಷ್ಟೇ!! ಹತ್ತು ಜನಕ್ಕೆ ಕಳ್ಸಿ 🙏

ಸುಮಾ: ಲೆಕ್ಕಾನೇ ಮಾಡ್ತಿರ್ಲಿಲ್ವಂತಾ? ಪೇಪರ್‌ಗೆ ದುಡ್ಡಿಲ್ದೆ ಸ್ಲೇಟಲ್ಲಿ ಬರ್ದು ಮೊಣಕೈಲಿ ಒರೆಸಿ ಒರೆಸಿ ಲೆಕ್ಕ ಮಾಡಿದೋರು ಕಣೋ ಅವ್ರು

ಪ್ರಕಾಶ: ಬಂದ್ರು ಮ್ಯಾಥ್ಸ್ ಮೇಡಂ 😄 ದೇವಿ ಹೆಸ್ರು ಅವ್ರೇ ಹೇಳಿರೋದು, ನಂದಲ್ಲ

ಸುಮಾ: ಹೇಳಿದಾರೆ, ಇಲ್ಲ ಅಂದೋರ್ಯಾರು. ಆದ್ರೆ ಪಾರ್ಟಿಷನ್ ವಿಷ್ಯ ತಗೋ. 4ನ್ನ ಎಷ್ಟು ಥರ ಒಡೀಬಹುದು? 4, 3+1, 2+2, 2+1+1, 1+1+1+1, ಒಟ್ಟು 5. ಹಿಂಗೇ 200ರವರೆಗೆ ಮ್ಯಾಕ್‌ಮಹೋನ್ ಅನ್ನೋರು ಕೈಯಲ್ಲೇ ಟೇಬಲ್ ಮಾಡಿಟ್ಟಿದ್ರು, 200ರ ಉತ್ತರಾನೇ 13 ಅಂಕಿ ಇದೆ, ಆ ಟೇಬಲ್ ನೋಡ್ತಾ ಕೂತು ರಾಮಾನುಜನ್ 4, 9, 14, 19 ಅಂತ ಐದೈದು ಬಿಟ್ಟು ಹೋದ್ರೆ 5, 30, 135, 490 ಬರೋದನ್ನ ಹಿಡಿದ್ರು. ಎಲ್ಲಾ 5ರಿಂದ ಭಾಗ ಹೋಗುತ್ತೆ! 1919ರಲ್ಲಿ ಪ್ರೂಫ್ ಸಮೇತ ಬರೆದ್ರು.

ನಾಗರಾಜ: ಪ್ರೂಫ್ ಯಾಕೆ ಬೇಕು? ಇವತ್ತು ಯಾವ್ದೇ ಪ್ಯಾಟರ್ನ್ ಆಗ್ಲಿ ಪೈಥಾನಲ್ಲಿ ಹತ್ತು ಲೈನ್ ಬರ್ದು 10 ಕೋಟಿವರೆಗೆ ಓಡ್ಸು, ಮುಗೀತು

ಸುಮಾ: ಮುಗಿಯಲ್ಲಪ್ಪ. ಅದೇ 1919ರಲ್ಲಿ ಪೋಲ್ಯಾ ಅನ್ನೋರು ಒಂದು ಊಹೆ ಮಾಡಿದ್ರು. ಸಂಖ್ಯೆನ ಪ್ರೈಮ್‌ಗಳಾಗಿ ಒಡಿ, 12 ಅಂದ್ರೆ 2×2×3, ಮೂರು ತುಂಡು, ಬೆಸ ಗುಂಪು. 10 ಅಂದ್ರೆ 2×5, ಸಮ ಗುಂಪು. 2ರಿಂದ ಮುಂದೆ ಎಲ್ಲೇ ನಿಲ್ಲಿಸಿ ಎಣಿಸು, ಸಮದೋರು ಬೆಸದೋರ್ನ ಮೀರಲ್ಲ ಅಂತ. ನಿನ್ನ 10 ಕೋಟಿಗೆ ಪಾಸು. 50 ಕೋಟಿಗೂ ಪಾಸು. 90,61,50,257ಕ್ಕೆ ಬಂದಾಗ ಮೊದಲ್ನೇ ಸಲ ಢಮಾರ್. ಊಹೆ ಸುಳ್ಳು ಅಂತ ಹ್ಯಾಸಲ್‌ಗ್ರೋವ್ ಅನ್ನೋ ಗಣಿತಜ್ಞರು 1958ರಲ್ಲೇ ತೋರ್ಸಿದ್ರು, ಈ ನಂಬರ್ ಕೈಗೆ ಸಿಗೋಕೆ 1980 ಬೇಕಾಯ್ತು

ನಾಗರಾಜ: ಸರಿ ಬಿಡು, 100 ಕೋಟಿವರೆಗೆ ಓಡಿಸ್ತೀನಿ

ಸುಮಾ: ಹಾಳಾಗ್ ಹೋಗು

ರೇಖಾ: ಹಂಗಾದ್ರೆ ಕಂಪ್ಯೂಟರ್ ದಂಡಾನಾ ಸುಮಾ? ಮಗಳು ಅದನ್ನೇ ಓದ್ತಿದಾಳೆ ಕಣೇ

ಸುಮಾ: ಅಯ್ಯೋ ಇಲ್ಲ ಕಣೇ. 60ರ ದಶಕದಲ್ಲಿ ಕೇಂಬ್ರಿಡ್ಜ್‌ನಲ್ಲಿ ಬರ್ಚ್, ಸ್ವಿನ್ನರ್ಟನ್-ಡೈಯರ್ ಅಂತ ಇಬ್ರು ಎಲಿಪ್ಟಿಕ್ ಕರ್ವ್ (y² = x³ − x ಥರದ ಸಮೀಕರಣ) ಲೆಕ್ಕ ಕಂಪ್ಯೂಟರಲ್ಲಿ ಹಾಕಿ, ಬಂದ ನಂಬರ್‌ಗಳನ್ನ ನೋಡೇ ಒಂದು ಊಹೆ ಹೇಳಿದ್ರು. ಇವತ್ತು ಅದನ್ನ ಸಾಧಿಸಿದ್ರೆ 10 ಲಕ್ಷ ಡಾಲರ್ ಬಹುಮಾನ, ಇನ್ನೂ ಹಂಗೇ ಬಿದ್ದಿದೆ. ಮ್ಯಾಕ್‌ಮಹೋನ್ ಕೆಲ್ಸ ಮಷಿನ್‌ಗೆ ಕೊಡ್ಬಹುದು, ಟೇಬಲ್ ಮುಂದೆ ಕೂರೋನು ಬೇಕಲ್ಲ

ಪ್ರಕಾಶ: ಏನೇ ಹೇಳಿ, ದೇವಿ ಕೃಪೆ ಇಲ್ದೆ ಆಗಲ್ಲ. ಅಂದಹಾಗೆ ಆಗ್ಲಿಂದ 9ನ್ನ ಒಡೀತಾ ಕೂತಿದೀನಿ, 29 ಬಂತು, ಇನ್ನೊಂದು ಎಲ್ಲೋಯ್ತು??

ಸುಮಾ: 3+3+3 ಬರ್ದ್ಯಾ?

ಪ್ರಕಾಶ: ಬರ್ದೆ

ರೇಖಾ: ಬರೀ 9?

ಪ್ರಕಾಶ: ಥೂ