ಅಪ್‌ಡೇಟ್: ಅಳಿಸಿದ ಬ್ರಾಂಚ್ ಮರಳಿ ಸಿಕ್ಕಿತು

ತಿಪಟೂರಿನ ಕೊಬ್ಬರಿ ವರ್ತಕರಿಗಾಗಿ ತುಮಕೂರಿನಲ್ಲಿ ನಾವು ಬರೆಯುತ್ತಿರುವ ಬಿಲ್ಲಿಂಗ್ ತಂತ್ರಾಂಶದ ಬ್ರಾಂಚೊಂದನ್ನು (ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ‘ಗಿಟ್’ ತಂತ್ರಾಂಶದಲ್ಲಿ ಬೇರೆಯಾಗಿ ಸಾಗುವ ಕೆಲಸದ ಕವಲು), ಅದು ಪುಶ್ ಆಗುವ, ಅಂದರೆ ಸರ್ವರಿಗೆ ಸೇರುವ, ಮೊದಲೇ ಸಹೋದ್ಯೋಗಿ ಅಳಿಸಿದ್ದರು. ಅದರಲ್ಲಿದ್ದ ಕಮಿಟ್‌ಗಳು (ಗಿಟ್‌ನಲ್ಲಿ ದಾಖಲಿಸಿದ ಬದಲಾವಣೆಗಳು) ಮರಳಿ ಸಿಗುತ್ತವೆಯೇ ಎಂದು ಇಲ್ಲಿ ಕೇಳಿದ್ದೆ. ಸಿಕ್ಕವು!

ಹಲವರು ಹೇಳಿದಂತೆ ಆ ಸಹೋದ್ಯೋಗಿಯದೇ ಲ್ಯಾಪ್‌ಟಾಪಿನಲ್ಲಿ, ಗಿಟ್‌ನ ಓಡಾಟದ ದಾಖಲೆ ತೋರಿಸುವ ‘ಗಿಟ್ ರಿಫ್ಲಾಗ್’ ಆದೇಶ ಕೊಟ್ಟೆವು. ಬ್ರಾಂಚ್ ಅಳಿದಾಗ ಅದರ ಸ್ವಂತ ದಾಖಲೆಯೂ ಅಳಿಯುತ್ತದೆ, ಆದರೆ ಹೆಡ್ (ಸದ್ಯ ನಾವು ಯಾವ ಕಮಿಟ್‌ನಲ್ಲಿದ್ದೇವೆ ಎಂಬ ಗುರುತು) ಎಲ್ಲೆಲ್ಲಿ ಓಡಾಡಿತೆಂಬ ಲೆಕ್ಕ ಉಳಿದಿರುತ್ತದೆ. ಅಲ್ಲಿನ ಕೊನೆಯ ಕಮಿಟ್‌ನ ಹ್ಯಾಶ್ (ಗುರುತಿನ ಸಂಕೇತ) ಹಿಡಿದು ‘ಗಿಟ್ ಸ್ವಿಚ್ -ಸಿ’ ಆದೇಶದಿಂದ ಹೊಸ ಬ್ರಾಂಚ್ ತೆರೆದೆವು.

‘ಹೊಸದಾಗಿ ಕ್ಲೋನ್ ಮಾಡಿ’ (ಸರ್ವರಿನಿಂದ ಪೂರ್ತಿ ಪ್ರತಿ ಇಳಿಸಿಕೊಳ್ಳಿ) ಎಂದವರಿಗೆ ನಮಸ್ಕಾರ, ಆದರೆ ಅದು ದಾರಿಯಲ್ಲ: ರಿಫ್ಲಾಗ್ ಆಯಾ ಯಂತ್ರದಲ್ಲಷ್ಟೇ ಇರುತ್ತದೆ. ಯಾವ ಬ್ರಾಂಚಿಗೂ ಸೇರದ ಕಮಿಟ್‌ಗಳ ನಮೂದು ಸಾಮಾನ್ಯವಾಗಿ 30 ದಿನ ಉಳಿಯುತ್ತದೆ. ಕಮಿಟ್ ಆಗದೆ ಹೋದ ಜಿಎಸ್‌ಟಿ ಪುಟದ ತಿದ್ದುಪಡಿಗಳನ್ನು ಮಾತ್ರ ಮತ್ತೆ ಬರೆಯುತ್ತಿದ್ದೇವೆ.